37 ಮಂದಿಯಲ್ಲಿ ಒಂದು ದೇಶ

ಮೇಲಧಿಕಾರಿ ಹೇಳಿದ್ದು ಒಪ್ಪಿಗೆಯಾಗದಿದ್ದರೂ ಬಾಯಿಬಿಟ್ಟು ಹೇಳಲು ನಿಮ್ಮಲ್ಲಿ ನೌಕರರು ಎಷ್ಟು ಸಲ ಹೆದರುತ್ತಾರೆ? ತೀರಾ ಪದೇ ಪದೇ ಎಂಬಲ್ಲಿಂದ ತೀರಾ ಅಪರೂಪ ಎಂಬವರೆಗೆ ಐದು ಉತ್ತರಗಳು, ಒಂದಕ್ಕೆ ಗುರುತು ಹಾಕಬೇಕು.

1967ರಿಂದ 1973ರ ನಡುವೆ ಐಬಿಎಂ ತನ್ನ ನೌಕರರಿಂದ ತುಂಬಿಸಿಕೊಂಡ ನಮೂನೆಗಳಲ್ಲಿ ಇಂಥ ಪ್ರಶ್ನೆಗಳಿದ್ದವು. ಒಟ್ಟು ಸುಮಾರು 1,16,000 ನಮೂನೆಗಳು. ಕಂಪನಿಗೆ ಬೇಕಿದ್ದುದು ನೌಕರರ ಮನಸ್ಸಿನ ಅಂದಾಜು, ಅಷ್ಟೆ. ಆ ರಾಶಿಯಲ್ಲಿ ದೇಶದೇಶಗಳ ಸ್ವಭಾವವನ್ನು ಕಂಡವರು ಅಲ್ಲಿ ಸಿಬ್ಬಂದಿ ಸಂಶೋಧನೆಯ ಹೊಣೆ ಹೊತ್ತಿದ್ದ ಡಚ್ಚರಾದ ಗೀರ್ಟ್ ಹಾಫ್‌ಸ್ಟೀಡ್. ಓದಿದ್ದು ಮೆಕ್ಯಾನಿಕಲ್ ಎಂಜಿನಿಯರಿಂಗ್. ಸ್ವಿಟ್ಜರ್ಲೆಂಡಿನ ಲೊಸಾನ್‌ನಲ್ಲಿ ಪಾಠ ಹೇಳಲು ಹೋದಾಗ ಬೇರೆ ಬೇರೆ ಕಂಪನಿಗಳಿಂದ ಬಂದ ಮ್ಯಾನೇಜರುಗಳಿಗೂ ಅವರು ಅವೇ ಪ್ರಶ್ನೆ ಹಾಕಿದರು. ದೇಶಗಳ ನಡುವೆ ಅದೇ ಬಗೆಯ ಅಂತರ ಕಂಡಿತು. 1980ರಲ್ಲಿ ಬಂದ ಪುಸ್ತಕದಲ್ಲಿ 40 ದೇಶಗಳಿಗೆ ನಾಲ್ಕು ಅಳತೆಗೋಲು. ಕಂಪನಿಯ ಹೆಸರು ಮಾತ್ರ ‘ಹರ್ಮಿಸ್’ ಎಂಬ ಮರೆಯಲ್ಲಿತ್ತು.

ಅಲ್ಲಿಂದ ಮುಂದೆ ಅಂತರ್‌ಸಾಂಸ್ಕೃತಿಕ ನಿರ್ವಹಣೆಯ ಅಧ್ಯಯನ ಬಹುಪಾಲು ಈ ಅಂಕಿಗಳ ಸುತ್ತಲೇ ಸುತ್ತಿತು. ಆ ನಾಲ್ಕರಲ್ಲಿ ಒಂದಾದ, ಮೇಲು-ಕೆಳಗಿನ ಅಸಮಾನತೆಯನ್ನು ಜನ ಎಷ್ಟು ಒಪ್ಪಿಕೊಳ್ಳುತ್ತಾರೆ ಎಂದು ಅಳೆಯುವ ‘ಅಧಿಕಾರದ ಅಂತರ’ದಲ್ಲಿ ಭಾರತಕ್ಕೆ 77 ಎಂದು ನಮ್ಮ ಎಂಬಿಎ ಹುಡುಗರು ಇಂದಿಗೂ ಬಾಯಿಪಾಠ ಮಾಡುತ್ತಾರೆ. ನಮ್ಮ ಕಚೇರಿಗಳಲ್ಲಿ ‘ಸಾರ್’ ಎಂಬ ಒಂದೇ ಪದದಲ್ಲಿ ಭಯ, ಸಲಿಗೆ, ಅಸಮಾಧಾನ ಮೂರೂ ಅಡಗಿರುತ್ತವೆ. ಆ 77ರಲ್ಲಿ ಇದು ಯಾವುದೂ ಕೇಳಿಸುವುದಿಲ್ಲ.

2002ರಲ್ಲಿ ಈ ಅಂಕಿಗಳನ್ನು ಪ್ರಶ್ನಿಸಿದ ಸಂಶೋಧಕ ಬ್ರೆಂಡನ್ ಮ್ಯಾಕ್‌ಸ್ವೀನಿ ತಲೆಗಳನ್ನೇ ಎಣಿಸಿ ತೋರಿಸಿದರು. ಪಾಕಿಸ್ತಾನದ ಮೊದಲ ಸಮೀಕ್ಷೆಯಲ್ಲಿ ಉತ್ತರಿಸಿದವರು 37 ಮಂದಿ, ಎರಡನೆಯದರಲ್ಲಿ 70. ಒಂದೇ ಕಂಪನಿಯ ಇಷ್ಟು ಜನ ಇಡೀ ದೇಶವಾದದ್ದು ಹೇಗೆ? ಹಾಫ್‌ಸ್ಟೀಡ್ ಸುಮ್ಮನಿರಲಿಲ್ಲ. ಕಂಪನಿ ಒಂದೇ, ಕೆಲಸವೂ ಒಂದೇ ಆದ್ದರಿಂದ ಉಳಿಯುವ ವ್ಯತ್ಯಾಸ ದೇಶದ್ದೇ ಎಂದರು. ವಾದದಲ್ಲಿ ತೂಕವಿದೆ. ಆದರೂ 37 ನನಗೆ ಗಂಟಲಲ್ಲಿ ಇಳಿಯುವುದಿಲ್ಲ.

ನನ್ನ ಸಂಕಟ ಬೇರೆಯೇ ಇದೆ: ಅಂಕಿಗೆ ಸಿಕ್ಕ ಮನ್ನಣೆ ಜನರ ಮಾತು ಕೇಳಿದವರಿಗೆ ಸಿಗಲಿಲ್ಲ. ಫ್ರೆಂಚ್ ಸಂಶೋಧಕ ಫಿಲಿಪ್ ದಿರಿಬಾರ್ನ್ ಒಂದೇ ಕಂಪನಿಯ ಮೂರು ಅಲ್ಯೂಮಿನಿಯಂ ಕಾರ್ಖಾನೆಗಳಿಗೆ ಹೋಗಿ ಕೆಲಸಗಾರರ ಮಾತಿಗೆ ಕಿವಿಗೊಟ್ಟರು. ಅಮೆರಿಕದಲ್ಲಿ ಕೆಲಸವೆಂದರೆ ಕರಾರು, ನೆದರ್‌ಲೆಂಡ್ಸಿನಲ್ಲಿ ಎಲ್ಲರೂ ಕೂತು ಮಾತಾಡಿ ಒಪ್ಪಬೇಕು, ಫ್ರಾನ್ಸಿನಲ್ಲಿ ತನ್ನ ವೃತ್ತಿಯ ಮರ್ಯಾದೆಯೇ ಆಜ್ಞೆ. ಈ ಅಧ್ಯಯನ 1989ರಲ್ಲಿ ಪುಸ್ತಕವಾಯಿತು. ಹಾಫ್‌ಸ್ಟೀಡರ ಅಂಕಿ ಗೊತ್ತಿರುವ ನಮ್ಮ ತರಗತಿಗಳಲ್ಲಿ ಈ ಹೆಸರು ಕೇಳುವುದೇ ಅಪರೂಪ.

ಯಾರಾದರೂ ಆ 77 ತೋರಿಸಿದರೆ ದಯವಿಟ್ಟು ಕೇಳಿ: ಯಾವ ಕಚೇರಿ, ಎಷ್ಟು ಜನ, ಅವರ ಜೊತೆ ಕೂತು ಮಾತಾಡಿದವರು ಯಾರು?