ನೀರು ನೋಡಿ ಬಹುಮಾನ

ಕಂಬಳವೆಂದರೆ ಸೆಕೆಂಡಿನ ನೂರನೇ ಭಾಗದ ಲೆಕ್ಕ. 2020ರ ಫೆಬ್ರುವರಿಯಲ್ಲಿ ಐಕಳದ ಕರೆಯಲ್ಲಿ, ಅಂದರೆ ಕೆಸರಿನ ಓಟದ ಹಾದಿಯಲ್ಲಿ, ಕೋಣಗಳ ಹಿಂದೆ ಶ್ರೀನಿವಾಸ ಗೌಡರು 142.5 ಮೀಟರ್ ದೂರವನ್ನು 13.62 ಸೆಕೆಂಡಿನಲ್ಲಿ ಓಡಿದಾಗ ದೇಶವೇ ಕರಾವಳಿಯತ್ತ ತಿರುಗಿ ನೋಡಿತು. ಆದರೆ ಫಲಿತಾಂಶದ ಪಟ್ಟಿಯಲ್ಲಿ ಒಂದು ವಿಭಾಗಕ್ಕೆ ಗಡಿಯಾರದ ಹಂಗಿಲ್ಲ. ಆ ವಿಭಾಗದ ಹೆಸರು ಕನೆಹಲಗೆ; ಅದರ ಮುಂದೆ ‘ನೀರು ನೋಡಿ ಬಹುಮಾನ’ ಎಂದಷ್ಟೇ ಬರೆದಿರುತ್ತದೆ. ನನಗೆ ಕಂಬಳದ ಸಾಧನಗಳಲ್ಲೆಲ್ಲ ಅತ್ಯಂತ ಪ್ರೀತಿಯದ್ದು ಈ ಹಲಗೆ.

ಇದರ ತವರು ಭತ್ತದ ಗದ್ದೆ. ಉತ್ತ ಮೇಲೆ, ನಾಟಿಗೆ ಮುನ್ನ ಕೆಸರು ಸಮತಟ್ಟಾಗಬೇಕು. ಅದಕ್ಕೆ ಜೋಡಿ ಕೋಣಗಳ ಹಿಂದೆ ಅಡ್ಡಲಾಗಿ ಮರದ ಹಲಗೆ ಕಟ್ಟಿ, ಭಾರಕ್ಕೆ ರೈತನೇ ಅದರ ಮೇಲೆ ನಿಲ್ಲುತ್ತಾನೆ. ಚಿಂತಾಮಣಿ, ಶಿಡ್ಲಘಟ್ಟ ಕಡೆ ಕೆರೆ ತುಂಬಿದ ವರ್ಷಗಳಲ್ಲಿ ನಾಟಿ ಮಾಡಿದ ಹಿರಿಯರಿಗೂ ಗದ್ದೆ ಸಮ ಮಾಡುವ ಕಷ್ಟ ಗೊತ್ತು. ಕಂಬಳದ ‘ಅಡ್ಡಹಲಗೆ’ ವಿಭಾಗ ಈ ಬೇಸಾಯದ ಕೆಲಸವನ್ನೇ ಓಟಕ್ಕೆ ತಂದಿತು.

ಕನೆಹಲಗೆಯ ಬಗೆಯೇ ಬೇರೆ. ದಪ್ಪ ಮರದ ತುಂಡನ್ನು ಕೆತ್ತಿ, ಎರಡು ತೂತು ಕೊರೆದಿರುತ್ತಾರೆ. ಗದ್ದೆ ಕೆಲಸಕ್ಕೆ ಈ ತೂತುಗಳಿಂದ ಏನೂ ಪ್ರಯೋಜನವಿಲ್ಲ. ಇವು ಇರುವುದು ನೀರಿನ ಚೆಲುವಿಗಾಗಿ ಮಾತ್ರ. ಕೋಣಗಳು ನುಗ್ಗಿದಾಗ ಹಲಗೆಯಡಿ ಸಿಕ್ಕಿಕೊಂಡ ನೀರು ಬೇರೆ ದಾರಿ ಕಾಣದೆ ತೂತುಗಳಿಂದ ಚಿಮ್ಮುತ್ತದೆ. ಮೇಲೆ, ಆರೂವರೆ ಕೋಲು, ಏಳೂವರೆ ಕೋಲು ಎತ್ತರದಲ್ಲಿ ನಿಶಾನೆ ಕಟ್ಟಿರುತ್ತಾರೆ (ಕೋಲು ಎಂಬುದು ಕಂಬಳದ ಅಳತೆ). ನೀರು ಅದನ್ನು ಮುಟ್ಟಬೇಕು. ಹಲಗೆಯ ಮೇಲೆ ನಿಂತವನು ಮೈಭಾರವನ್ನು ಎಲ್ಲಿ, ಎಷ್ಟು ಊರಬೇಕೆಂಬ ಹದ ತಪ್ಪಿದರೆ ನೀರು ಮೇಲೇರದೆ ಬದಿಗೆ ಚೆಲ್ಲಿಹೋಗುತ್ತದೆ. ಕೋಣಗಳ ಕಸುವು, ಮರಗೆಲಸದವನ ಉಳಿ, ನಿಂತವನ ಅಂಗಾಲು ಈ ಮೂರೂ ಕೂಡಿ ಬಂದರಷ್ಟೇ ನಿಶಾನೆ ಒದ್ದೆಯಾಗುತ್ತದೆ.

ಗದ್ದೆಯ ಹಲಗೆ ಚೆಲುವಿನ ಸಾಧನವಾದಂತೆ ಚಳಿನಾಡಿನಲ್ಲೂ ಒಂದು ಸಲಕರಣೆಗೆ ಹೀಗೇ ಆಯಿತು. ಹೆಪ್ಪುಗಟ್ಟಿದ ಕೆರೆ ದಾಟಲು ಉತ್ತರ ಯುರೋಪಿನ ಜನ ಪ್ರಾಣಿಗಳ ಎಲುಬನ್ನು ಕಾಲಿಗೆ ಕಟ್ಟಿಕೊಳ್ಳುತ್ತಿದ್ದರು. ಆಮೇಲೆ ಕಬ್ಬಿಣದ ಅಲಗು ಬಂತು. 19ನೇ ಶತಮಾನದಲ್ಲಿ ಬ್ಯಾಲೆ ಬಲ್ಲ ಅಮೆರಿಕದ ಜಾಕ್ಸನ್ ಹೇನ್ಸ್ ಅಲಗನ್ನು ಬೂಟಿಗೇ ಸ್ಕ್ರೂ ಹಾಕಿ ಬಿಗಿದು ಮಂಜುಗಡ್ಡೆಯ ಮೇಲೆ ಕುಣಿದ. ಫಿಗರ್ ಸ್ಕೇಟಿಂಗ್‌ನಲ್ಲೂ ಯಾರು ಮೊದಲು ಮುಟ್ಟಿದರೆಂದು ಯಾರೂ ಕೇಳುವುದಿಲ್ಲ. ಹೊಟ್ಟೆಪಾಡಿನ ಸಲಕರಣೆ ಕೈಯಲ್ಲಿ ಚೆನ್ನಾಗಿ ಪಳಗಿದ ಮೇಲೆ ಜನ ಅದರಿಂದ ಸೊಗಸನ್ನೂ ಕೇಳತೊಡಗುತ್ತಾರೆ ಎಂದೇ ನನ್ನ ನಂಬಿಕೆ.

ಮತ್ತೆ ಕಂಬಳಕ್ಕೆ ಬರೋಣ. 2014ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಬಂದ ಮೇಲೆ ಕಂಬಳಕ್ಕೆ ತಡೆ ಬಿತ್ತು. ಕಂಬಳಕ್ಕೆ ಮತ್ತೆ ಅವಕಾಶ ಕೊಡಲು ರಾಜ್ಯ ತಂದ ಕಾನೂನು ತಿದ್ದುಪಡಿಯನ್ನು ಅದೇ ಕೋರ್ಟ್ 2023ರ ಮೇ 18ರಂದು ಎತ್ತಿಹಿಡಿಯಿತು. ಆ ನವೆಂಬರ್ 25, 26ರಂದು ಬೆಂಗಳೂರಿನ ಅರಮನೆ ಮೈದಾನದಲ್ಲೇ ಕರೆ ತೋಡಿ ಕೋಣಗಳನ್ನು ಓಡಿಸಿದರು. ಗೌರಿಬಿದನೂರು, ಚಿಕ್ಕಬಳ್ಳಾಪುರದವರಿಗೆ ಘಟ್ಟ ಇಳಿಯದೆ ಕಂಬಳ ನೋಡುವ ಅವಕಾಶ ಸಿಕ್ಕಿತು. ಮುಂದೆ ಇಂಥ ಅವಕಾಶ ಬಂದರೆ ಓಟ ಮುಗಿಯುವ ಮಂಜೊಟ್ಟಿಯ ಬಳಿಯೇ ನುಗ್ಗಾಡಬೇಡಿ. ನಿಶಾನೆ ಕಟ್ಟಿದ ಜಾಗ ಹುಡುಕಿ ನಿಲ್ಲಿ, ಬಟ್ಟೆ ನೆನೆದರೂ ಸರಿ.