ತಪ್ಪು ತೋರಿಸಿದವರಿಗೆ ಸ್ವಾಗತ!

ಕೊಪ್ಪಳ ಜಿಲ್ಲೆಯ ಕಿನ್ನಾಳದ ಮರದ ಗೊಂಬೆಗಳು ನಾಡಿಗೆಲ್ಲ ಪರಿಚಿತ. ಬಿಡಿ ತುಂಡುಗಳನ್ನು ಹುಣಸೆ ಬೀಜದ ಅಂಟಿನಿಂದ ಕೂಡಿಸಿ ಬಣ್ಣ ಬಳಿದ ಮೇಲೆ ಸಂದು ಎಲ್ಲಿದೆ ಎಂಬುದು ಕೊಳ್ಳುವವರಿಗೆ ಕಾಣಿಸದು. ಮಾರಾಟಕ್ಕೆ ಬರುವ ಎಷ್ಟೋ ಕಂಪ್ಯೂಟರ್ ತಂತ್ರಾಂಶಗಳೂ ಹೀಗೆಯೇ. ಒಳಗಿನ ಜೋಡಣೆ ತಯಾರಕರಿಗೆ ಮಾತ್ರ ಗೊತ್ತು. ಆದರೆ ಒಳಗಿನ ಬರವಣಿಗೆಯನ್ನೆಲ್ಲ ಯಾರು ಬೇಕಾದರೂ ಓದಿ ನೋಡಬಹುದಾದ ತಂತ್ರಾಂಶಗಳೂ ಇವೆ. ಅವೇ ಮುಕ್ತ ತಂತ್ರಾಂಶಗಳು.

ಹೆಸರು, ಅಂಕ, ಲೆಕ್ಕಪತ್ರ ಮುಂತಾದ ಮಾಹಿತಿಯನ್ನು ಓರಣವಾಗಿ ಇಟ್ಟು, ಕೇಳಿದೊಡನೆ ತೆಗೆದುಕೊಡುವ ವ್ಯವಸ್ಥೆಗೆ ಡೇಟಾಬೇಸ್ ಎಂದು ಹೆಸರು. ಪೋಸ್ಟ್‌ಗ್ರೆಸ್, ಎಸ್‌ಕ್ಯೂಲೈಟ್ ಇವು ಮುಕ್ತ ಡೇಟಾಬೇಸ್‌ಗಳು. ಎಸ್‌ಕ್ಯೂಲೈಟ್ ಅಂತೂ ಪ್ರತಿಯೊಂದು ಆಂಡ್ರಾಯ್ಡ್ ಮೊಬೈಲಿನಲ್ಲೂ ಅಡಗಿ ಕೂತಿದೆ. ಇವುಗಳಲ್ಲಿ ದೋಷ ಕಂಡುಬಂದರೆ ಸರಿಪಡಿಸುವವರು ಯಾರು?

ಪೋಸ್ಟ್‌ಗ್ರೆಸ್‌ನಲ್ಲಿ ದೋಷ ಕಂಡವರು ಒಂದು ವರದಿ ಬರೆದು ಕಳಿಸುತ್ತಾರೆ. ಯಾವ ಆವೃತ್ತಿ, ಏನು ಮಾಡಿದಾಗ ಹೀಗಾಯಿತು, ಬರಬೇಕಾದ ಉತ್ತರವೇನು, ಬಂದದ್ದೇನು ಎಂಬುದೆಲ್ಲ ಅದರಲ್ಲಿರಬೇಕು. ಇದು ಶಾಲೆಯ ಪ್ರಯೋಗ ಪುಸ್ತಕದ ಕ್ರಮವೇ. ಅದೇ ಹಂತಗಳನ್ನು ಅನುಸರಿಸಿದ ಇನ್ನೊಬ್ಬರಿಗೂ ಅದೇ ದೋಷ ಕಂಡರೆ ಅರ್ಧ ಕೆಲಸ ಮುಗಿದಂತೆ. ಪರಿಹಾರವನ್ನು ಯಾರು ಬೇಕಾದರೂ ಬರೆದು ಕಳಿಸಬಹುದು. ಇತರರು ಅದನ್ನು ಎಲ್ಲರೆದುರೇ ಪರೀಕ್ಷಿಸಿ ಕೊರತೆಗಳನ್ನು ಹೇಳುತ್ತಾರೆ. ಮೂಲಕ್ಕೆ ಸೇರಿಸುವ ಅಧಿಕಾರ ಮಾತ್ರ ಕೆಲವೇ ಅನುಭವಿಗಳದು. ಕಳ್ಳರಿಗೆ ದಾರಿಯಾಗಬಲ್ಲ ದೋಷವಾದರೆ ಪರಿಹಾರ ಸಿದ್ಧವಾಗುವವರೆಗೆ ಗುಟ್ಟಾಗಿಡುತ್ತಾರೆ.

ಎಸ್‌ಕ್ಯೂಲೈಟ್‌ನ ರೀತಿ ಬೇರೆ. ವರದಿ ಎಲ್ಲರಿಂದ, ತಿದ್ದುಪಡಿ ಮಾತ್ರ ತನ್ನ ಪುಟ್ಟ ತಂಡದಿಂದ. ಅದೇ ದೋಷ ಮರಳಿ ಬಂದರೆ ಹಿಡಿದುಕೊಡುವ ಹೊಸ ಪರೀಕ್ಷೆಯನ್ನು ಸೇರಿಸುವವರೆಗೆ ದೋಷ ನಿವಾರಣೆಯಾಯಿತೆಂದು ಆ ತಂಡ ಒಪ್ಪುವುದಿಲ್ಲ.

2018ರಲ್ಲಿ ಪೋಸ್ಟ್‌ಗ್ರೆಸ್‌ಗೆ ದೊಡ್ಡ ಪರೀಕ್ಷೆಯೇ ಎದುರಾಯಿತು. ಮಾಹಿತಿಯನ್ನು ಡಿಸ್ಕಿಗೆ ಬರೆಯುವ ಕೆಲಸವನ್ನು ಅದು ಲಿನಕ್ಸ್‌ಗೆ ಒಪ್ಪಿಸುತ್ತದೆ. ಡಿಸ್ಕ್ ಕೈಕೊಟ್ಟರೆ ಲಿನಕ್ಸ್ 'ಆಗಲಿಲ್ಲ' ಎಂದು ಒಮ್ಮೆ ಹೇಳುತ್ತಿತ್ತು. ಪೋಸ್ಟ್‌ಗ್ರೆಸ್ ಎರಡನೆಯ ಸಲ ಕೇಳಿದರೆ 'ಆಯಿತು' ಎಂಬ ಉತ್ತರ ಬರುತ್ತಿತ್ತು. ಮಾಹಿತಿ ಮಾತ್ರ ಡಿಸ್ಕ್ ಸೇರಿರುತ್ತಿರಲಿಲ್ಲ! ಎರಡನೆಯ ಉತ್ತರವನ್ನು ನಂಬಬಹುದೆಂಬ ತಪ್ಪು ತಿಳಿವಳಿಕೆ ಸುಮಾರು 20 ವರ್ಷ ಉಳಿದುಕೊಂಡಿತ್ತು. ಬಳಕೆದಾರರೊಬ್ಬರ ಮಾಹಿತಿ ಕೆಟ್ಟದ್ದನ್ನು ಬೆನ್ನುಹತ್ತಿದಾಗ ಇದು ಬಯಲಾಯಿತು.

ಯಾರೂ ಅದನ್ನು ಮುಚ್ಚಿಡಲಿಲ್ಲ. ಲಿನಕ್ಸ್ ಕಟ್ಟುವವರೊಡನೆ ಬಹಿರಂಗವಾಗಿ ಚರ್ಚೆ ನಡೆಯಿತು. ಮೊದಲ ವೈಫಲ್ಯಕ್ಕೇ ಕೆಲಸ ನಿಲ್ಲಿಸಿ, ಮುಂಚೆಯೇ ಬರೆದಿಟ್ಟ ದಿನಚರಿಯಿಂದ ಮಾಹಿತಿಯನ್ನು ಮರಳಿ ಕಟ್ಟುವುದೆಂದು ತೀರ್ಮಾನವಾಯಿತು. 2019ರ ಫೆಬ್ರುವರಿ 14ರಂದು ಈ ತಿದ್ದುಪಡಿ ಬಳಕೆಯಲ್ಲಿದ್ದ ಐದೂ ಆವೃತ್ತಿಗಳಿಗೆ ಒಟ್ಟಿಗೇ ಬಂತು. ಹಳೆಯ ಆವೃತ್ತಿ ಬಳಸುತ್ತಿದ್ದವರನ್ನೂ ಕೈಬಿಡಲಿಲ್ಲ. ಇಂದಿಗೂ ಪ್ರತಿ ಪ್ರಮುಖ ಆವೃತ್ತಿಗೆ ಐದು ವರ್ಷ ತಿದ್ದುಪಡಿ ಒದಗಿಸುವುದು ಅಲ್ಲಿಯ ನಿಯಮ.

ಈ ಕೆಲಸ ದೂರದ ದೇಶದ್ದೆಂದು ಭಾವಿಸಬೇಕಿಲ್ಲ. ಪೋಸ್ಟ್‌ಗ್ರೆಸ್ ಬಳಸುವವರ, ಕಟ್ಟುವವರ ಅಖಿಲ ಭಾರತ ಸಮ್ಮೇಳನ 2023, 2024 ಮತ್ತು 2025ರಲ್ಲಿ ಬೆಂಗಳೂರಿನಲ್ಲೇ ನಡೆದಿದೆ. ತಂತ್ರಾಂಶ ಉಚಿತ, ಆಸಕ್ತ ವಿದ್ಯಾರ್ಥಿ ಮನೆಯ ಕಂಪ್ಯೂಟರಿನಲ್ಲೇ ಕಲಿಯಬಹುದು. ಆರಂಭದಲ್ಲಿ ದೊಡ್ಡ ತಿದ್ದುಪಡಿ ಬರೆಯುವುದು ಕಷ್ಟ. ಆದರೆ ಕಂಡದ್ದನ್ನು ಕಂಡಂತೆ, ಹಂತಹಂತವಾಗಿ ಬರೆದ ವರದಿಯೂ ಅಷ್ಟೇ ಬೆಲೆಯುಳ್ಳದ್ದು.

ಮಗ ಅಥವಾ ಮಗಳು 'ಪುಸ್ತಕದ ಈ ಲೆಕ್ಕ ತಪ್ಪಿದೆ' ಎಂದಾಗ ಪಾಲಕರು ಗದರುವುದು ಬೇಡ. 'ಎಲ್ಲಿ, ಹೇಗೆ, ತೋರಿಸು' ಎನ್ನಲಿ. ಜಗತ್ತಿನ ಮಾಹಿತಿಯನ್ನು ಕಾಯುತ್ತಿರುವುದು ಅಂಥ ಪ್ರಶ್ನೆಯೇ.