ತಡೆಯಬಾರದ ಚೆಂಡು

ಅಮೆರಿಕದ ಸಿರಾಕ್ಯೂಸ್‌ನಲ್ಲಿರುವ ಮಗಳ ಮನೆಗೆ ಹೋಗಿದ್ದಾಗ ಮೊಮ್ಮಗಳು ತುದಿಗೆ ಬಲೆ ಕಟ್ಟಿದ ಕೋಲೊಂದನ್ನು ನನ್ನ ಕೈಗಿತ್ತಳು. ಆಟದ ಹೆಸರು ಲ್ಯಾಕ್ರೋಸ್. ಕ್ರಿಕೆಟ್ ಬಲ್ಲೆನೆಂಬ ಹಮ್ಮಿನಿಂದ ನಾನು ಕೋಲನ್ನು ಅಡ್ಡ ಹಿಡಿದೆ. ರಬ್ಬರ್ ಚೆಂಡು ಬಲೆಗೆ ಬಡಿದು ಆಚೆ ಪುಟಿಯಿತು. ‘ತಡೀಬೇಡ ತಾತ, ಚೆಂಡು ಬಂದ ಹಾಗೆ ಕೋಲನ್ನೂ ಹಿಂದಕ್ಕೆ ತಗೋ’ ಎಂದಳು. ಸಂಜೆಯ ಹೊತ್ತಿಗೆ ಚೆಂಡು ಬಲೆಯಲ್ಲಿ ನಿಂತಿತು. ಬಳಿಕ ಅದು ಬೀಳದಂತೆ, ತೊಟ್ಟಿಲು ತೂಗಿದಂತೆ ಕೋಲನ್ನು ತೂಗುತ್ತ ಓಡಬೇಕು.

ಇದು ಆ ನೆಲದ ಮೂಲನಿವಾಸಿಗಳಾದ ಹೌಡೆನೊಸೌನಿ ಜನರ ಆಟ. ಅವರ ಪಾಲಿಗೆ ಸೃಷ್ಟಿಕರ್ತನ ಕೊಡುಗೆ, ರೋಗಕ್ಕೆ ಮದ್ದು. 2010ರಲ್ಲಿ ಅವರ ತಂಡ ತನ್ನದೇ ಪಾಸ್‌ಪೋರ್ಟ್ ಹಿಡಿದು ವಿಶ್ವ ಚಾಂಪಿಯನ್‌ಷಿಪ್‌ಗೆ ಹೊರಟಾಗ ಬ್ರಿಟನ್ ಪ್ರವೇಶ ನಿರಾಕರಿಸಿತು. 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ಗೆ ಲ್ಯಾಕ್ರೋಸ್ ಆಯ್ಕೆಯಾಗಿದೆ. ಆಟವನ್ನು ಕೊಟ್ಟವರಿಗೆ ಅಲ್ಲಿ ಸ್ವಂತ ಬಾವುಟ ಬೇಡವೇ? ಬರುವುದನ್ನು ತಡೆಯದೆ ಬರಮಾಡಿಕೊಳ್ಳುವುದೇ ಈ ಆಟದ ಮೊದಲ ಪಾಠ.